ಜಡೆ ಹೆಣೆಯಲು ಅನುಮತಿ

ಅರಸೀಕೆರೆ
೧೪–೮–೧೯೬೮

ಮಾನ್ಯ ಡಾಕ್ಟರ್ ಭಾಷ್ಯಂ ಅವರಲ್ಲಿ ಬೇಲೂರಿನ ಯೋಗನರಸಿಂಹನ ವಿಜ್ಞಾಪನೆ.

ನನ್ನ ಪತ್ನಿ ಚೆಲುವಾಂಬೆಯ ಬಲತೋಳಿನ ರಕ್ತನಾಳದ ಮೂಲಕ ಹೃದಯದ ಸಮೀಪದವರೆಗೆ ತಾವು ಇಳಿಸಿದ್ದ ನಳಿಕೆಯ ತುದಿ ಜರುಗಿ, ಕುತ್ತಿಗೆಯ ಕಡೆಗೆ ತಿರುಗಿರುವುದನ್ನು ನಿನ್ನೆ ಎಕ್ಸ್‌ರೇಯಲ್ಲಿ ತೋರಿಸಿದಿರಿ. ನಾಳೆ ಅದನ್ನು ಸರಿಪಡಿಸುವಿರೆಂದೂ, ಪುನಃ ಜರುಗಿದರೆ ಔಷಧಿ ಕೊಡಲು ಬೇರೆ ದಾರಿಯಿಲ್ಲವೆಂದೂ ತಿಳಿಸಿದಿರಿ. ಪಟ್ಟಿಯನ್ನು ಸಡಿಲವಾಗಿ ಕಟ್ಟಿದರೆಂದು ನರ್ಸ್ ಅವರನ್ನು ಗದರಿದಿರಿ. ತಪ್ಪು ಅವರದಲ್ಲ.

ಇಂದು ಬೆಳಿಗ್ಗೆ ಬಾಗಿಲ ಬಳಿ ನಿಂತು ನಾನೇ ಕಂಡೆ. ತಾವು ಬರುವ ಹೊತ್ತಾಯಿತೆಂದು ಆಕೆ ಅದೇ ತೋಳನ್ನು ತಲೆಯ ಹಿಂದಕ್ಕೆ ಎತ್ತಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಕೇಳಿದ್ದಕ್ಕೆ, “ತಲೆ ಬಿಚ್ಕೊಂಡು ಡಾಕ್ಟರ ಮುಂದೆ ಮಲಗಿರೋಕೆ ನಾನೇನು ಹೆಣವೇನ್ರೀ?” ಎಂದಳು. ನರ್ಸಮ್ಮನ ಕೈಲಿ ಹಾಕಿಸಿಕೊಳ್ಳೆಂದರೆ, “ಅವರಿಗೆ ಇದೊಂದು ಬಾಕಿ ಇತ್ತು ನೋಡಿ” ಎಂದಳು.

ಬೆಳಗಿನ ವೇಳೆ ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲವೆಂಬ ನಿಯಮವನ್ನು ಬಲ್ಲೆ. ನಿಯಮ ಮೀರುವುದು ನನ್ನ ಅಭ್ಯಾಸವೂ ಅಲ್ಲ. ಆದರೂ ನಾಳೆಯಿಂದ, ತಾವು ಬರುವ ಮುನ್ನ ಒಳಗೆ ಹೋಗಲು ನನಗೆ ಅನುಮತಿ ನೀಡಬೇಕು. ಜಡೆಯನ್ನು ನಾನು ಹೆಣೆಯುತ್ತೇನೆ.

ಮಧ್ಯಾಹ್ನವೆಲ್ಲ ನಾನು ಇಳಿದುಕೊಂಡಿರುವ ಛತ್ರದ ಕಿಟಕಿಯ ಸರಳಿಗೆ ಸೆಣಬಿನ ಎಳೆಗಳನ್ನು ಕಟ್ಟಿ ಅಭ್ಯಾಸ ಮಾಡಿದೆ. ಸಂಜೆಯ ಭೇಟಿಯಲ್ಲಿ ಆಕೆಯ ಕೂದಲನ್ನೇ ಹೆಣೆದೆ. ಎಡಗೈಯಲ್ಲಿ ಕನ್ನಡಿ ಹಿಡಿದು ನೋಡಿ, “ಸೊಟ್ಟಗಿದೆ ಮೇಷ್ಟ್ರೇ, ಬಿಚ್ಚಿ ಇನ್ನೊಂದ್ಸಲ ಹಾಕಿ” ಎಂದಳು.

ಬಲಗೈಯನ್ನು ಮಾತ್ರ ಹಾಸಿಗೆಯಿಂದ ಎತ್ತಲಿಲ್ಲ.

ತಮ್ಮ ಅಪ್ಪಣೆಯನ್ನು ಎದುರುನೋಡುವ,
ಯೋಗನರಸಿಂಹ
ನಿವೃತ್ತ ಉಪಾಧ್ಯಾಯ, ಬೇಲೂರು