ಮೂರು ಮನೆ ಆಚೆ

ಕಡಲೇರಿದ ನೂರ ಹದಿನೇಳನೆಯ ವರ್ಷ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ,
ದುರ್ಗಸೀಮೆ.

ಪೂಜ್ಯ ಶಿವಗಂಗಮ್ಮಜ್ಜಿಯವರಿಗೆ, ನಿಮ್ಮ ಎಂಟನೆಯ ತಲೆಮಾರಿನ ಸೊಸೆ ಹಾಲಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದು ಕಾಗದವನ್ನು ಮುದುರಿ ಎಸೆಯಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹನ್ನೆರಡೇ ತಿಂಗಳು ಎಂಬುದು ನನಗೆ ಗೊತ್ತು. ಸಮುದ್ರ ಕರಾವಳಿಯನ್ನು ನುಂಗಿ ಘಟ್ಟದ ಬುಡಕ್ಕೆ ಬಂದು ನಿಂತ ಮೇಲೆ ಸರ್ಕಾರದವರು ವರ್ಷವನ್ನು ಮೊದಲಿನಿಂದ ಎಣಿಸಲು ಶುರು ಮಾಡಿದರು. ಬಿಸಿಲಿನ ಲೆಕ್ಕ ಸರಿಹೋಗಲೆಂದು ಇನ್ನೊಂದು ತಿಂಗಳನ್ನೂ ಸೇರಿಸಿದರು. ನನ್ನ ಮಾತುಗಳಲ್ಲಿ ನಿಮಗೆ ಅರ್ಥವಾಗದ್ದು ಇದ್ದರೆ ಕ್ಷಮಿಸಿ. ನಿಮ್ಮ ಮಾತುಗಳಲ್ಲಿಯೂ ನನಗೆ ಅರ್ಥವಾಗದ್ದು ಬಹಳ ಇದೆ. ಹಾಗಿದ್ದರೂ ನೀವು ಹೇಳಿದ್ದನ್ನೆಲ್ಲ ನಾನು ಅಕ್ಷರ ತಪ್ಪದೆ ನಡೆಸಿದೆ. ಈ ಕಾಗದ ಬರೆಯುತ್ತಿರುವುದೇ ಆ ಕಾರಣಕ್ಕೆ.

ನಿಮಗೆ ನೆನಪಿರಬಹುದು, ಶಾಲೆಯ ಮಕ್ಕಳ ಹಳೆಯ ನೋಟ್‌ಬುಕ್ಕೊಂದರಲ್ಲಿ ನೀವು ಮನೆಯ ಪದ್ಧತಿಗಳನ್ನೆಲ್ಲ ಬರೆದಿಟ್ಟಿರಿ. ಯಾವ ಹಬ್ಬಕ್ಕೆ ಏನು ಅಡಿಗೆ, ಬಾಣಂತಿಗೆ ಏನು ಕೊಡಬೇಕು, ಯಾವ ವಾರ ಉಗುರು ತೆಗೆಯಬಾರದು. ಆ ನೋಟ್‌ಬುಕ್ ಅತ್ತೆಯಿಂದ ಸೊಸೆಗೆ, ಅತ್ತೆಯಿಂದ ಸೊಸೆಗೆ ಎಂದು ಎಂಟು ಕೈ ದಾಟಿ ನನ್ನ ಕೈಗೆ ಬಂತು. ಹಾಳೆಗಳು ಹಪ್ಪಳದಂತಾಗಿವೆ. ನಾನು ಅದನ್ನು ಗಾಜಿನ ಹಾಳೆಗಳ ನಡುವೆ ಇಟ್ಟುಕೊಂಡಿದ್ದೇನೆ. ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಇಂಥದ್ದಿಲ್ಲ ಎಂದು ನನಗೆ ಸ್ವಲ್ಪ ಜಂಬವೂ ಇತ್ತು. ಸ್ವಲ್ಪವಲ್ಲ, ಬಹಳವೇ ಇತ್ತು.

ನಮ್ಮ ಬದುಕು ಹೇಗಿದೆ ಎಂದು ಒಂದಿಷ್ಟು ಹೇಳುತ್ತೇನೆ. ನಾವು ಕೋಟೆಗುಡ್ಡದ ನೆರಳಿನಲ್ಲಿದ್ದೇವೆ. ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಎಳೆದಿರುತ್ತಾರೆ. ಅದು ಹರಿದ ಕಡೆ ನಡೆದರೆ ಚರ್ಮ ಸುಲಿಯುತ್ತದೆ. ಮಧ್ಯಾಹ್ನ ಐದು ಗಂಟೆಗಳ ಕಾಲ ಉರಿಹೊತ್ತು, ಆಗ ಯಾರೂ ಹೊರಗೆ ಕಾಲಿಡುವಂತಿಲ್ಲ. ರಾಗಿ ಬೆಳೆಯುವುದು ದೊಡ್ಡ ದೊಡ್ಡ ಶೆಡ್ಡುಗಳ ಒಳಗೆ. ಕುಡಿಯುವ ನೀರು ಮಾತ್ರ ಸಮುದ್ರದ್ದೇ. ಉಪ್ಪು ಸೋಸಿ, ಕೊಳವೆಯಲ್ಲಿ ಘಟ್ಟ ಹತ್ತಿಸಿ ತರುತ್ತಾರೆ. ಬೆಳಗ್ಗೆ ಮನೆಗೊಬ್ಬರು ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲಬೇಕು. ಆ ಸಾಲಿನಲ್ಲಿ ಜಗಳವಾಡುವುದು ಈಗಲೂ ಇದೆ, ಅದು ನಿಮಗೆ ಅರ್ಥವಾಗುತ್ತದೆ.

ಸಮುದ್ರದ ನೀರು ಮೇಲೆ ಬರುತ್ತದೆ, ಸಮುದ್ರದವರು ಬರುವಂತಿಲ್ಲ. ಕರಾವಳಿಯ ಊರುಗಳು ಮುಳುಗಿದ ಮೇಲೆ ಅಲ್ಲಿಯ ಜನ ತೆಪ್ಪಗಳನ್ನು ಹಗ್ಗದಿಂದ ಸಾಲಾಗಿ ಬಿಗಿದು ಅದರ ಮೇಲೆಯೇ ಮನೆ ಕಟ್ಟಿಕೊಂಡಿದ್ದಾರೆ. ತೆಪ್ಪಕೇರಿ ಎನ್ನುತ್ತೇವೆ. ಗಾಳಿ ಕೆಟ್ಟರೆ ಹಗ್ಗ ಕಿತ್ತು ಒಂದು ಕೇರಿಗೆ ಕೇರಿಯೇ ಕಾಣೆಯಾಗುವುದುಂಟು. ಅವರು ಘಟ್ಟ ಹತ್ತಿ ಇಲ್ಲಿ ನೆಲೆಸಬೇಕಾದರೆ ನೆಲೆಚೀಟಿ ಬೇಕು. ಅದಕ್ಕೆ ಉಳಿದಿರುವುದು ಒಂದೇ ದಾರಿ, ಇಲ್ಲಿಯ ಪ್ರಜೆಯನ್ನು ಮದುವೆಯಾಗುವುದು. ಮದುವೆಯಾಗಿ, ವರ್ಷ ಪೂರ್ತಿ ಸಂಸಾರ ಮಾಡಿ, ಆ ಸಂಸಾರ ನಿಜವಾದದ್ದೇ ಎಂದು ಅಧಿಕಾರಿಗಳ ಮುಂದೆ ರುಜುವಾತು ಮಾಡಬೇಕು.

ನನ್ನ ಮಗ ಪಾಲಾಕ್ಷ ಉಪ್ಪು ಸೋಸುವ ಯಂತ್ರ ರಿಪೇರಿ ಮಾಡುವವನು. ಕೆಲಸಕ್ಕೆಂದು ಕೆಳಗೆ ಹೋದವನು ಅಲ್ಲಿ ಗುಲಾಬಿಯನ್ನು ನೋಡಿದ. ಕುಂದಾಪುರ ಮುಳುಗಿದ ಕಡೆಯ ತೆಪ್ಪಕೇರಿಯ ಹುಡುಗಿ. ನನಗೆ ಇಷ್ಟವಿರಲಿಲ್ಲ. ನೆಲೆಚೀಟಿಗಾಗಿ ಗಂಟು ಬಿದ್ದಿದ್ದಾಳೆ ಎಂದು ನಲ್ಲಿ ಸಾಲಿನಲ್ಲಿ ನಾಲ್ಕು ಜನ ಅಂದರು, ಐದನೆಯವಳಾಗಿ ನಾನೂ ಅಂದೆ. ಅವಳು ಬಂದಳು. ಮೀನು ತಿಂದು ಬೆಳೆದವಳು, ನಮ್ಮ ಮನೆಯಲ್ಲಿ ಅದರ ಹೆಸರೆತ್ತಲಿಲ್ಲ. ರಾಗಿಮುದ್ದೆಯನ್ನು ಅಗಿದು ತಿಂದು ನಗೆಪಾಟಲಾದಳು, ಮರುದಿನದಿಂದ ನುಂಗಲು ಕಲಿತಳು. ಮೂರು ತಿಂಗಳಾಗುವಷ್ಟರಲ್ಲಿ ಮಗನಿಗಿಂತ ಮೊದಲು ಅವಳ ಹೆಸರನ್ನೇ ನಾನು ಕೂಗುತ್ತಿದ್ದೆ. ನನಗೆ ಅವಳೆಂದರೆ ಪ್ರಾಣವಾಗಿತ್ತು, ಅಜ್ಜಿ. ಇದನ್ನು ಅವಳ ಎದುರಿಗೆ ಒಮ್ಮೆಯೂ ಹೇಳಲಿಲ್ಲ.

ನಮ್ಮ ಕಾಲದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು. ಪ್ರತಿ ಮನೆಯ ಹೊಸಿಲಿನ ಮರದಲ್ಲಿ ಕಡಲೆ ಗಾತ್ರದ ಒಂದು ಗಾಜು ಕೂಡಿಸಿರುತ್ತಾರೆ. ಹೊಸಿಲುಗಣ್ಣು ಎಂದು ಅದರ ಹೆಸರು. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂಬುದಷ್ಟೇ ಅದಕ್ಕೆ ಗೊತ್ತು. ನೀವು ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದಿರಿ. ನಾನೂ ಹಚ್ಚುತ್ತೇನೆ, ಆ ಗಾಜಿಗೆ ತಾಗದಂತೆ.

ಮದುವೆಯಾಗಿ ಹತ್ತು ತಿಂಗಳು ಸಲೀಸಾಗಿ ಕಳೆಯಿತು. ಆಮೇಲೆ ಆಷಾಢ ಬಂತು. ಸರ್ಕಾರದ ಕ್ಯಾಲೆಂಡರಿನಲ್ಲಿ ಆಷಾಢವೇ ಇಲ್ಲ. ನಾನು ಚಂದ್ರನನ್ನು ನೋಡಿ ಲೆಕ್ಕ ಹಾಕಿಕೊಳ್ಳುತ್ತೇನೆ. ನಮ್ಮ ಆಷಾಢದಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ, ಸುಡುವ ಬಿಸಿಲೊಂದೇ. ಆದರೂ ನಿಮ್ಮ ನೋಟ್‌ಬುಕ್ಕಿನ ಏಳನೆಯ ಪುಟದಲ್ಲಿ ಬರೆದಿದೆಯಲ್ಲ: “ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು.” ಏಕೆ ಎಂದು ನೀವು ಬರೆದಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ನನ್ನ ಅತ್ತೆ ನನ್ನನ್ನು ತವರಿಗೆ ಕಳಿಸಿದ್ದರು, ಅವರ ಅತ್ತೆ ಅವರನ್ನು ಕಳಿಸಿದ್ದರು, ಅಷ್ಟು ಸಾಕಾಗಿತ್ತು ನನಗೆ.

ಗುಲಾಬಿಯ ತವರು ಘಟ್ಟದ ಕೆಳಗೆ. ನೆಲೆಚೀಟಿಯ ಅರ್ಜಿ ನಡೆಯುತ್ತಿರುವಾಗ ಸೀಮೆ ಬಿಟ್ಟು ಹೋಗಬಾರದು ಎಂದು ನಿಯಮ. ಅದನ್ನು ಮುರಿಯುವಷ್ಟು ದಡ್ಡಿ ನಾನಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ನನ್ನ ತಂಗಿ ಕೆಂಚಮ್ಮನ ಮನೆ ನಮ್ಮ ಬೀದಿಯಲ್ಲೇ, ಮೂರು ಮನೆ ಆಚೆ. ಅದನ್ನೇ ತವರೆಂದುಕೊಂಡು ಆಷಾಢ ಕಳೆದುಬಿಡಲಿ ಎಂದೆ. ಸರ್ಕಾರದ ಮಾತೂ ನಡೆಯಿತು, ನಿಮ್ಮ ಮಾತೂ ನಡೆಯಿತು ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ. ಪಾಲಾಕ್ಷ ನಿಯಮದ ಕಾಗದವನ್ನು ಎರಡು ಸಲ ಓದಿದ. ಬೇರೆ ಮನೆಯಲ್ಲಿ ಮಲಗಬಾರದು ಎಂದು ಎಲ್ಲಿಯೂ ಇರಲಿಲ್ಲ. ಸುಮ್ಮನಾದ. ಗುಲಾಬಿ ಮಾತ್ರ ಬಟ್ಟೆಯ ಗಂಟು ಕಟ್ಟುತ್ತ ಮೆಲ್ಲಗೆ ಕೇಳಿದಳು, “ಅತ್ತೆ, ಈ ಸಲ ನಾ ಹೋಗ್ದಿರೆ ಆತಿಲ್ಯಾ?” ಎಂದು. “ಮೂರು ಮನೆ ದೂರ ಕಣಮ್ಮ, ಸಮುದ್ರ ದಾಟ್ತೀಯೇನು?” ಎಂದು ನಗಾಡಿದೆ. ಅವಳೂ ನಕ್ಕಳು. ಹೋದಳು.

ಇಪ್ಪತ್ತೊಂಬತ್ತು ದಿನ. ಹೊಸ ಜೋಡಿ ಆ ತಿಂಗಳು ಒಂದೇ ಮನೆಯೊಳಗೆ ಇರಬಾರದೆಂದು, ನಿಮ್ಮ ಪುಟದಲ್ಲಿ ಇಲ್ಲದಿದ್ದರೂ, ಪಾಲಾಕ್ಷನಿಗೂ ನಾನೇ ಕಟ್ಟುನಿಟ್ಟು ಮಾಡಿದ್ದೆ. ಅವನು ಪಾಪ, ಬೆಳಗ್ಗೆ ನಲ್ಲಿ ಸಾಲಿನಲ್ಲಿ ಅವಳ ಹಿಂದೆ ಹೋಗಿ ನಿಲ್ಲುತ್ತಿದ್ದ. ಅವಳ ಕೊಡವನ್ನು ತಾನೇ ಹೊತ್ತು ಕೆಂಚಮ್ಮನ ಬಾಗಿಲವರೆಗೆ ಬಂದು, ಹೊಸಿಲಿನ ಈಚೆ ಇಳಿಸಿ, ಅವಳು ಅದನ್ನು ಎತ್ತಿಕೊಂಡು ಒಳಗೆ ಹೋಗುವುದನ್ನು ನೋಡಿ ವಾಪಸು ಬರುತ್ತಿದ್ದ. ಇಪ್ಪತ್ತೊಂಬತ್ತು ದಿನವೂ ಹೊತ್ತ. ಬೀದಿಯವರೆಲ್ಲ ನೋಡಿ ನಕ್ಕರು. ಹೊಸಿಲುಗಣ್ಣು ನೋಡಲಿಲ್ಲ, ಏಕೆಂದರೆ ಅವನು ಹೊಸಿಲು ದಾಟಲಿಲ್ಲ.

ವರ್ಷ ತುಂಬಿದ ಮೇಲೆ ಪರೀಕ್ಷೆಗೆ ಕರೆದರು. ಗಂಡಹೆಂಡಿರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಹೆಂಡತಿಗೆ ಸಿಟ್ಟು ಬಂದರೆ ಏನು ಮಾಡುತ್ತಾಳೆ ಎಂದು ಕೇಳಿದರಂತೆ. ಕೊಡವನ್ನು ಸದ್ದು ಮಾಡಿ ಇಡುತ್ತಾಳೆ ಎಂದನಂತೆ ಪಾಲಾಕ್ಷ. ಗುಲಾಬಿಯೂ ಅದನ್ನೇ ಹೇಳಿದ್ದಳು. ಒಂದು ಉತ್ತರವೂ ತಪ್ಪಲಿಲ್ಲ. ಕೊನೆಗೆ ಮನೆಯ ಹಿರಿಯಳೆಂದು ನನ್ನನ್ನು ಕರೆದರು. ಅಧಿಕಾರಿ ನನಗೆ ಮಗಳಾಗುವ ವಯಸ್ಸಿನವಳು, ಮೆತ್ತಗೆ ಮಾತಾಡುವವಳು. ನೀರು ಕೊಟ್ಟಳು. ಹೊಸಿಲುಗಣ್ಣಿನ ದಾಖಲೆ ತೆರೆದಿಟ್ಟು, ಈ ಹೆಂಡತಿ ಇಪ್ಪತ್ತೊಂಬತ್ತು ರಾತ್ರಿ ಬೇರೆ ಮನೆಯಲ್ಲಿ ಮಲಗಿದ್ದೇಕೆ, ಮೂರು ಮನೆ ಆಚೆಯಿದ್ದರೂ ಗಂಡ ಒಂದು ದಿನವೂ ಒಳಗೆ ಹೋಗದೆ ಇದ್ದದ್ದೇಕೆ ಎಂದು ಕೇಳಿದಳು. ನಾನು ಆಷಾಢದ ಬಗ್ಗೆ ಹೇಳಿದೆ. ನಿಮ್ಮ ನೋಟ್‌ಬುಕ್ ಒಯ್ದಿದ್ದೆ, ಏಳನೆಯ ಪುಟ ತೋರಿಸಿದೆ. ಅವಳು ಅಸಡ್ಡೆ ಮಾಡಲಿಲ್ಲ, ನಿಧಾನವಾಗಿ ಓದಿದಳು. ಎರಡನೆಯ ಸಲ ಓದಿದಳು. ಆಮೇಲೆ ತಲೆ ಎತ್ತಿ ಕೇಳಿದಳು:

“ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ಐತೆ. ಸೊಸೇನೇ ಹೋಗ್ಬೇಕು ಅಂತ ಎಲ್ಲೂ ಇಲ್ವಲ್ಲಮ್ಮ. ನೀವ್ಯಾಕೆ ಹೋಗ್ಲಿಲ್ಲ?”

ಅಜ್ಜಿ, ಆ ಪುಟವನ್ನು ನಾನು ನಲವತ್ತು ವರ್ಷದಿಂದ ಓದುತ್ತ ಬಂದಿದ್ದೇನೆ. ಅದರಲ್ಲಿ ಹಾಗಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, “ಮನೆ ನಂದಲ್ವೇನಮ್ಮ?” ಎಂದೆ.

ಅಷ್ಟೇ ನಾನು ಹೇಳಿದ್ದು. ಅವಳು ಅದನ್ನು ಬರೆದುಕೊಂಡಳು.

ಹನ್ನೊಂದನೆಯ ದಿನ ಆದೇಶ ಬಂತು. ಅದರಲ್ಲಿ ನನ್ನ ಮಾತನ್ನು ಹಾಗೆಯೇ ಎತ್ತಿ ಹಾಕಿದ್ದರು. ಮನೆ ಸೊಸೆಯದ್ದಲ್ಲ ಎಂದು ಕುಟುಂಬದ ಹಿರಿಯಳೇ ಒಪ್ಪಿಕೊಂಡಿರುವುದರಿಂದಲೂ, ದಂಪತಿ ಒಂದೇ ಬೀದಿಯಲ್ಲಿದ್ದು ತಿಂಗಳ ಕಾಲ ಬೇರೆ ವಾಸ ಮಾಡಿರುವುದರಿಂದಲೂ ಇದು ತೋರಿಕೆ ಮದುವೆ ಎಂದು ತೀರ್ಮಾನಿಸಲಾಗಿದೆ ಎಂದಿತ್ತು. ತೋರಿಕೆ ಮದುವೆ ಎಂದು ಒಮ್ಮೆ ಷರಾ ಬಿದ್ದರೆ ಮತ್ತೆ ಅರ್ಜಿ ಹಾಕುವಂತಿಲ್ಲ. ಎಂಟು ದಿನದಲ್ಲಿ ಗುಲಾಬಿ ಘಟ್ಟ ಇಳಿಯಬೇಕು. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಗೋಳಾಡಿದೆ, ಬೈದೆ, ಬೀದಿಯವರನ್ನೆಲ್ಲ ಸಾಕ್ಷಿಗೆ ಕರೆದುಕೊಂಡು ಹೋದೆ. ಕೊಡ ಹೊತ್ತದ್ದನ್ನು ನಾವು ನೋಡಿದ್ದೇವೆ ಎಂದು ಎಲ್ಲರೂ ಹೇಳಿದರು. ಹೊಸಿಲುಗಣ್ಣು ನೋಡದ್ದು ಸಾಕ್ಷಿಯಲ್ಲ ಎಂದು ಕಳಿಸಿಬಿಟ್ಟರು.

ಗುಲಾಬಿ ನನ್ನ ಮೇಲೆ ಕೂಗಾಡಲಿ ಎಂದು ಕಾದೆ. ಕೊಡವನ್ನೂ ಅವಳು ಮೆಲ್ಲಗೇ ಇಟ್ಟಳು. ಹೊರಡುವ ದಿನ ಕಾಲಿಗೆ ಬಿದ್ದು, “ಬೇಜಾರ್ ಮಾಡ್ಕಣ್ಬೇಡಿ ಅತ್ತೆ, ನಿಮ್ಗೆ ಗೊತ್ತಿರ್ಲಿಲ್ಲ ಅಲ್ದಾ” ಎಂದಳು. ಅವಳು ಕೇಳಿದ್ದಳಲ್ಲ, ಹೋಗದಿದ್ದರೆ ಆಗದೇ ಎಂದು. ಅದನ್ನು ಅವಳು ನೆನಪಿಸಲಿಲ್ಲ. ಪಾಲಾಕ್ಷ ಇಳಿಚೀಟಿಗೆ ಸಹಿ ಹಾಕಿದ್ದ. ಪ್ರಜೆಯಾದವನು ತನ್ನ ಹಕ್ಕು ಬಿಟ್ಟುಕೊಟ್ಟು ಕೆಳಗಿಳಿಯುವ ಕಾಗದ ಅದು. ಸಹಿ ಹಾಕಿದವರು ತಿರುಗಿ ಬರುವಂತಿಲ್ಲ. ನಾನು ಅವನ ಅಂಗಿ ಹಿಡಿದು ಎಳೆದೆ. “ಅವ್ವ, ಅವಳು ಮೂರು ಮನೆ ಆಚೆ ಹೋದಾಗ ಸುಮ್ನಿದ್ದೆ. ಈಗ್ಲೂ ಸುಮ್ನಿರು ಅಂದ್ರೆ ನನ್ನ ಕೈಲಾಗಲ್ಲ” ಎಂದ. ಇಬ್ಬರೂ ಒಟ್ಟಿಗೆ ಹೊಸಿಲು ದಾಟಿ ಹೋದರು.

ಅವರ ಕಾಗದ ಮೂರು ತಿಂಗಳಿಗೊಮ್ಮೆ ರಿಪೇರಿಯವರ ಕೈಯಲ್ಲಿ ಬರುತ್ತಿತ್ತು. ಕಡೆಯ ಕಾಗದದಲ್ಲಿ, ಕೇರಿಯ ಹಗ್ಗ ಸವೆದಿದೆ, ಮಳೆಗೆ ಮೊದಲು ಬದಲಾಯಿಸುತ್ತೇವೆ, ಚಿಂತೆ ಬೇಡ ಎಂದು ಬರೆದಿದ್ದ. ಆಮೇಲೆ ಕೆಳಗೆ ಮಳೆ ಬಂತು. ರಿಪೇರಿಯವರು ಎರಡು ಸಲ ಹೋಗಿ ಬಂದರು. ಕಾಗದ ತರಲಿಲ್ಲ. ಆ ಕೇರಿ ಇದ್ದ ಕಡೆ ನಮ್ಮನ್ನು ಕಳಿಸಲಿಲ್ಲ ಎನ್ನುತ್ತಾರೆ, ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಅರವತ್ತು ದಾಟಿದವರಿಗೆ ನಮ್ಮಲ್ಲಿ ಒಂದು ಹಿಂದಂಚೆ ಸಿಗುತ್ತದೆ. ಕಳೆದುಹೋದ ಕಾಲದವರಿಗೆ ಒಂದೇ ಒಂದು ಕಾಗದ ಬರೆಯಬಹುದು. ತಲುಪುತ್ತದೆ ಎಂದು ಅಂಚೆಯವರು ಆಣೆ ಮಾಡುತ್ತಾರೆ, ತಲುಪಿದ್ದಕ್ಕೆ ಗುರುತು ಯಾರಿಗೂ ಸಿಕ್ಕಿಲ್ಲ. ಜನ ತಾಯಿಗೆ ಬರೆಯುತ್ತಾರೆ, ಸತ್ತ ಗಂಡನಿಗೆ ಬರೆಯುತ್ತಾರೆ. ನನಗೆ, ಹಳೆಯ ದಿನಗಳ ಹಾಲಮ್ಮನಿಗೇ ಬರೆದುಕೊಳ್ಳೋಣ ಅನ್ನಿಸಿತ್ತು. ಆದರೆ ಆ ಹಾಲಮ್ಮ ಯಾರ ಮಾತನ್ನೂ ಕೇಳುವವಳಲ್ಲ. ಅವಳು ಕೇಳುವುದು ನಿಮ್ಮ ಮಾತೊಂದನ್ನೇ.

ಆದ್ದರಿಂದ ನಿಮ್ಮಲ್ಲಿ ಒಂದೇ ಒಂದು ಬೇಡಿಕೆ. ನೀವು ಆ ನೋಟ್‌ಬುಕ್ ಬರೆಯುವಾಗ, ಏಳನೆಯ ಪುಟದಲ್ಲಿ ಆಷಾಢದ ಮಾತು ಮುಗಿದ ಮೇಲೆ ಅರ್ಧ ಸಾಲು ಜಾಗ ಬಿಟ್ಟಿದ್ದೀರಿ. ಯಾಕೆ ಬಿಟ್ಟಿರೋ ಗೊತ್ತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತೋ, ಯಾರಾದರೂ ಕರೆದರೋ. ಆ ಜಾಗದಲ್ಲಿ ಎರಡೇ ಮಾತು ಬರೆಯಿರಿ: ಅತ್ತೆಯೇ ಹೋಗಲಿ. ನೀವು ಬರೆದಿದ್ದರೆ ನಾನು ಮರುಮಾತಾಡದೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದೆ. ಮೂರು ಮನೆ ತಾನೆ.

ಈಗ ನಾನು ಕೆಂಚಮ್ಮನ ಮನೆಯಲ್ಲೇ ಇದ್ದೇನೆ. ಗುಲಾಬಿ ಮಲಗುತ್ತಿದ್ದ ಮಂಚದಲ್ಲೇ ಮಲಗುತ್ತೇನೆ. ಬೆಳಗ್ಗೆ ಕೊಡ ತೆಗೆದುಕೊಂಡು ಸಾಲಿಗೆ ಹೊರಡುವ ಮೊದಲು ನೋಟ್‌ಬುಕ್ ತೆಗೆದು ಏಳನೆಯ ಪುಟ ನೋಡುತ್ತೇನೆ. ಇವತ್ತೂ ನೋಡಿದೆ. ಆ ಅರ್ಧ ಸಾಲು ಇನ್ನೂ ಖಾಲಿಯಿದೆ.

ಬೇಗ ಬರೆಯಿರಿ, ಅಜ್ಜಿ.

ನಿಮ್ಮ ಸೊಸೆ,
ಹಾಲಮ್ಮ