ಅಪ್ಪನಿಗೆ ಎರಡು ಮೂಗು

ರೀ,

ಅಮ್ಮನ ಮನೆಗೆ ಅಂತ ಗುಬ್ಬಿ ಬಸ್ಸಿಗೆ ಹೊರಟೆ. ನೀವು ಹೆಡ್‌ಫೋನ್ ಹಾಕ್ಕೊಂಡು ಪೋಲೆಂಡಿನ ಯಾರಿಗೋ ಹಳೇ ಕಂಪ್ಯೂಟರಿನ ಸಾಫ್ಟ್‌ವೇರ್ ಸಪೋರ್ಟ್ ಕೊಡ್ತಾ ಕೂತಿದ್ರಿ, ಕರೆದರೆ ಕೇಳಲಿಲ್ಲ. ಹಸಿವಾದಾಗಲಾದರೂ ಕಾಣಲಿ ಅಂತ ಚೀಟಿಯನ್ನ ಅನ್ನದ ಪಾತ್ರೆ ಮೇಲೆ ಇಟ್ಟಿದ್ದೀನಿ.

ಸಾರು ಬಿಸಿ ಮಾಡ್ಕೊಳ್ಳಿ. ಮಿಕ್ಸಿ ಮುಟ್ಟಬೇಡಿ, ಕೆಟ್ಟು ತಿಂಗಳಾಯ್ತು. ಅದಕ್ಕೆ ಸಪೋರ್ಟ್ ಕೊಡೋರು ಈ ಮನೇಲಿ ಯಾರೂ ಇಲ್ಲ.

ಅಪ್ಪನ ವರ್ಷದ ಪೂಜೆಗೆ ಫೋಟೊ ದೊಡ್ಡದು ಮಾಡಿಸೋಕೆ ಸ್ಟುಡಿಯೋಗೆ ಕೊಡಿ ಅಂದೆ. "ಮನೇಲಿ ಹ್ಯಾಂಡ್ ಸ್ಕ್ಯಾನರ್ ಇರುವಾಗ ಸ್ಟುಡಿಯೋ ಯಾಕೆ ಮಾಲಿನಿ?" ಅಂದ್ರಿ. ಇಸ್ತ್ರಿಪೆಟ್ಟಿಗೆ ಥರ ಅದನ್ನ ಫೋಟೊ ಮೇಲೆ ಎಡಗಡೆ ಒಂದು ಸಲ, ಬಲಗಡೆ ಒಂದು ಸಲ ಎಳೆದ್ರಿ. ಸಾಫ್ಟ್‌ವೇರ್ ಎರಡನ್ನೂ ಜೋಡಿಸಿದಾಗ ಅಪ್ಪನಿಗೆ ಎರಡು ಮೂಗು ಬಂತು. "ಹೊಸ ವರ್ಷನ್ ಬಂದ್ರೆ ಸರಿಹೋಗುತ್ತೆ" ಅಂದ್ರಿ. ಆ ಸಾಫ್ಟ್‌ವೇರ್ ಮಾಡೋ ಕಂಪನಿ ಬಾಗಿಲು ಹಾಕಿದಾಗ ನಮಗಿನ್ನೂ ಮದುವೆಯೇ ಆಗಿರಲಿಲ್ಲ.

ಸಿಟ್ಟು ಬಂದು, ಸ್ಕ್ರೀನಿನ ಮೇಲಿದ್ದದ್ದನ್ನ ಹಾಗೇ ಮೊಬೈಲಲ್ಲಿ ತೆಗೆದು, ನಿನ್ನ ಅಳಿಯನ ಕೆಲಸ ನೋಡು ಅಂತ ಅಮ್ಮನಿಗೆ ಕಳಿಸಿದೆ. ಬೆಳಿಗ್ಗೆ ಫೋನ್ ಮಾಡಿದ್ಲು. ನಿಮಗೆ ಬೈತಾಳೆ ಅಂತ ಖುಷಿಯಾಗಿ ಕಾದೆ. ಅವಳಿಗೆ ನಗು ತಡೆಯೋಕಾಗದೆ ಮಾತೇ ಹೊರಡ್ತಿರಲಿಲ್ಲ. "ನಿಮ್ಮಪ್ಪ ಇದ್ದಿದ್ರೆ ಇದನ್ನೇ ನಡುಮನೇಲಿ ತಗುಲಾಕ್ತಿದ್ರು ಕಣೇ" ಅಂದ್ಲು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನ ನಾನು ಕೇಳಿದ್ದು ಇದೇ ಮೊದಲು.

ಪೂಜೆಗೆ ಸ್ಟುಡಿಯೋದಲ್ಲಿ ನಾನೇ ಮಾಡಿಸಿದ ಫೋಟೊ ಒಯ್ತಿದ್ದೀನಿ. ನಾಳೆ ನೀವು ಬರುವಾಗ ನೀವು ಮಾಡಿದ ಎರಡು ಮೂಗಿನದನ್ನೂ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ ತನ್ನಿ.

ದಯವಿಟ್ಟು ಸರಿ ಮಾಡೋಕೆ ಹೋಗಬೇಡಿ.

ಮಾಲಿನಿ