ರಥಸಪ್ತಮಿಗೆ ಮೊದಲು ನನ್ನ ಮಣಿಕಟ್ಟು

ಅಹೋ ಯಜಮಾನರೇ,

ಝುಣಕ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಭಾಕರಿ ಮಾತ್ರ ನೀವೇ ತಟ್ಟಬೇಕು, ನನ್ನ ಬಲಗೈ ಇವತ್ತು ರಜೆಯಲ್ಲಿದೆ. ಬೆಳಿಗ್ಗೆ ಚಹಾದ ಕಪ್ಪು ಒಡೆದದ್ದು ಬೆಕ್ಕಲ್ಲ, ನಾನೇ. ಬೆರಳುಗಳು ಜೋಮು ಹಿಡಿದಿದ್ದವು.

ರಥಸಪ್ತಮಿಗೆಂದು ಗಲ್ಲಿಯ ಹೆಂಗಸರೆಲ್ಲ ಸೂರ್ಯನಮಸ್ಕಾರ ಶುರುಮಾಡಿದ್ದೇವಲ್ಲ, ನಿನ್ನೆ ಪಕ್ಕದ ಮನೆಯ ಮಂದಾತಾಯಿ ನೆಲಕ್ಕೆ ಅಂಗೈ ಊರಿದರೆಂದು ನಾನೂ ಊರಿಬಿಟ್ಟೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಅಂಗೈ ಊರಬೇಡಿ, ಮಣಿಕಟ್ಟು ಬಗ್ಗಿಸಬೇಡಿ, ಜೋಮು ಬಂದೊಡನೆ ನಿಲ್ಲಿಸಿ ಎಂದು ಡಾಕ್ಟರ್‌ಬಾಯಿ ಮೊದಲೇ ಬರೆದುಕೊಟ್ಟಿದ್ದರು. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಜಾಣೆ ನಾನು, ಪ್ರತಿ ಸಾಲಿನ ಕೆಳಗೂ ಗೆರೆ ಎಳೆದೆ. ಆಮೇಲೆ ಒಂದನ್ನೂ ಬಿಡದೆ ಉಲ್ಟಾ ಮಾಡಿದೆ. ಹೀಗೇ ಆದರೆ ಆಪರೇಷನ್ನೇ ಗತಿ ಅಂದಿದ್ದಾರೆ.

"ಬಿಟ್ಟುಬಿಡು" ಎನ್ನಬೇಡಿ. ಸುಮ್ಮನೆ ಕೂತರೆ ನನ್ನ ಭುಜ ಬಿಗಿಯುತ್ತದೆ, ನಾಲಿಗೆ ಹರಿತವಾಗುತ್ತದೆ. ಎರಡನೆಯದು ನಿಮಗೇ ಕಷ್ಟ. ಇವತ್ತಿನಿಂದ ಕುರ್ಚಿಯಲ್ಲಿ ಕೂತು ಮಾಡುತ್ತೇನೆ, ಕೈಗೆ ಭಾರ ಬೀಳುವುದಿಲ್ಲ. ಎಲ್ಲರೆದುರು ಮುದುಕಿಯಂತೆ ಕೂರುವುದು ಹೇಗೆಂದು ಈಗಷ್ಟೇ ಕುರ್ಚಿ ಹಿಡಿದು ಬಾಗಿಲಲ್ಲಿ ಒದ್ದಾಡುತ್ತಿದ್ದೆ. ಮಂದಾತಾಯಿ ಬಂದು ದನಿ ತಗ್ಗಿಸಿದರು:

"ಏನ ಕುಂದಾ, ಇನ್ನೊಂದ ಕುರ್ಚಿ ಐತೇನ? ನನಗೂ ಹೋದ ವಾರದಿಂದ ರಾತ್ರಿ ಕೈ ಸೆಳಿತೈತಿ. ನೀ ಅಂಗೈ ಊರಿದಿ ಅಂತ ನಾನೂ ಊರಿದ್ನಿ ನೋಡವಾ, ನಿನಗ ಸೋಲಬಾರ್ದಂತ!"

ಎರಡೂ ಕುರ್ಚಿ ಒಯ್ಯುತ್ತಿದ್ದೇವೆ. ನೀವು ನೆಲದ ಮೇಲೆ ಕೂತು ಉಣ್ಣಿ; ಗಲ್ಲಿಯ ಇಬ್ಬರು ಶೂರರು ಅಂಗಳದಲ್ಲಿ ಆಸೀನರಾಗಿರುತ್ತೇವೆ.

ಕುಂದಾ